ಎಣ್ಣೆ ಕುಡಿದ ಕೇಪು

ಕೆಂಡ್ರಾಗೆ ಕರಡಿಗಿಂತ ಅತ್ತೆಯ ಹೆದರಿಕೆಯೇ ಹೆಚ್ಚು. ಮದುವೆಯಾದ ಹೊಸತರಲ್ಲಿ ಇದನ್ನು ಗಂಡ ವೇಡ್‌ನ ಮುಂದೆ ಹೇಳಿಯೂ ಹೇಳಿದ್ದಳು. ಅವನು ಬಿದ್ದು ಬಿದ್ದು ನಕ್ಕು, "ಕರಡಿ ಆದ್ರೆ ಹೊಟ್ಟೆ ತುಂಬಿದ್ಮೇಲೆ ಸುಮ್ಮನಾಗುತ್ತೆ ಬಿಡು" ಅಂದಿದ್ದ. ನಗಲಿಕ್ಕೇನು, ಅವನು ಮೊಂಟಾನಾದ ಕರಡಿಗಳಿರುವ ಬೆಟ್ಟದ ಕಣಿವೆಯಲ್ಲೇ ಹುಟ್ಟಿದವನು, ಆ ತಾಯಿಯ ಹೊಟ್ಟೆಯಲ್ಲೇ ಹುಟ್ಟಿದವನು. ಕೆಂಡ್ರಾ ಓಹಾಯೋದ ಪೇಟೆಯವಳು. ಆ ಕಡೆ ಸೊಸೆಯಂದಿರು ಅತ್ತೆಯನ್ನು ಹೆಸರು ಹಿಡಿದೇ ಕರೆಯುವುದು. ಆದರೆ ಅತ್ತೆ ಆರ್ಡಿಸ್ ಅವರ ಮುಖ ನೋಡಿದರೆ ಸಾಕು, ಹೆಸರು ಅವಳ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮೊದಲ ಒಂದು ವರ್ಷ ಏನೂ ಕರೆಯದೆ, ಎದುರಿಗೆ ಹೋಗಿ ನಿಂತು ಕೆಮ್ಮುತ್ತಿದ್ದಳು.

ಆರ್ಡಿಸ್ ಅವರ ಗ್ಯಾರೇಜಿನಲ್ಲಿ ದಪ್ಪ ಮರದ ಮೇಜಿಗೆ ಬೋಲ್ಟು ಹಾಕಿ ಬಿಗಿದ ಹಸಿರು ಬಣ್ಣದ ಪ್ರೆಸ್ಸೊಂದಿತ್ತು. ಹಾರಿಸಿ ಖಾಲಿಯಾದ ಹಿತ್ತಾಳೆ ತೋಟಾಗಳನ್ನು ಮತ್ತೆ ತುಂಬುವ ಯಂತ್ರ. ಹಿಡಿ ಎಳೆದರೆ ಉಕ್ಕಿನ ಕಂಬ ಮೇಲೇರುತ್ತದೆ, ಸುಟ್ಟ ಕೇಪು ಕೆಳಗೆ ಉದುರುತ್ತದೆ, ಹೊಸ ಕೇಪು ಬುಡದಲ್ಲಿ ಕೂರುತ್ತದೆ. ಆಮೇಲೆ ಮದ್ದು, ಅದರ ಮೇಲೆ ಗುಂಡು. ಕೇಪೆಂದರೆ ಮಸೂರ ಬೇಳೆಯಷ್ಟೇ ಇರುವ ಲೋಹದ ಬಿಲ್ಲೆ. ಕೋವಿಯ ಮೊಳೆ ಅದಕ್ಕೆ ಬಡಿದಾಗ ಕಿಡಿ ಹಾರಬೇಕು, ಹಾರದಿದ್ದರೆ ಕೋವಿ ಬರೀ ದೊಣ್ಣೆ. ಈ ಪ್ರೆಸ್ಸು ಆರ್ಡಿಸ್ ಅವರಿಗೆ ಮದುವೆಯಲ್ಲಿ ಗಂಡ ಕೊಟ್ಟ ಉಡುಗೊರೆ. ಮದುವೆಯ ಉಂಗುರವನ್ನು ಅವರು ಎಂದೋ ಆಲೂಗಡ್ಡೆ ಕೀಳುವಾಗ ಮಣ್ಣಲ್ಲಿ ಕಳೆದುಕೊಂಡರು. ಗಂಡ ಸತ್ತು ಎಷ್ಟೋ ಕಾಲವಾಯಿತು. ಪ್ರೆಸ್ಸಿನ ಮೇಲೆ ಮಾತ್ರ ಇನ್ನೊಬ್ಬರ ಕೈ ಬೀಳಲು ಬಿಟ್ಟವರಲ್ಲ.

ಆ ಕಣಿವೆಯಲ್ಲಿ ಒಬ್ಬರು ತುಂಬಿದ ತೋಟಾವನ್ನು ಇನ್ನೊಬ್ಬರು ಹಾರಿಸುವುದಿಲ್ಲ. ಕೇಳುವುದೂ ಇಲ್ಲ, ಕೊಡುವುದೂ ಇಲ್ಲ. ಹಲ್ಲುಜ್ಜುವ ಬ್ರಷ್ಷಿನ ಹಾಗೆ ಅದು ಅವರವರದು. ಆರ್ಡಿಸ್ ತುಂಬಿದ್ದನ್ನು ಮಗ ವೇಡ್ ಹಾರಿಸುತ್ತಿದ್ದ, ಅಷ್ಟೇ. ಹೋದ ವರ್ಷ ಒಂದು ಸಂಜೆ ಅವರು ಮಾತಿಲ್ಲದೆ ಕೆಂಡ್ರಾಳ ತಟ್ಟೆಯ ಪಕ್ಕದಲ್ಲಿ ತೋಟಾದ ಡಬ್ಬಿಯೊಂದನ್ನಿಟ್ಟರು. ಕೆಂಡ್ರಾಗೆ ಏನೂ ತಿಳಿಯಲಿಲ್ಲ. ವೇಡ್ ಆ ರಾತ್ರಿ ಅವಳಿಗೆ, "ಇವತ್ತು ನೀನು ನಮ್ಮನೆಯವಳಾದೆ ಕಣೆ" ಅಂದ.

ಈ ವರ್ಷ ಬೇಟೆಯ ಕಾಲಕ್ಕೆ ಮುಂಚೆ ಆರ್ಡಿಸ್ ಅವರ ಬಲ ಮಣಿಕಟ್ಟಿಗೆ ಆಪರೇಷನ್ ಆಯಿತು. ಕೈಗೆ ಪಟ್ಟಿ. ವೇಡ್ ನಾರ್ತ್ ಡಕೋಟಾದ ಎಣ್ಣೆ ಬಾವಿಯ ಕೆಲಸಕ್ಕೆ ಹೋಗಿದ್ದ. ಪ್ರೆಸ್ಸನ್ನು ಒರೆಸಿ ತಿಕ್ಕಿ ಸರಿಮಾಡುವ ಹೊತ್ತು ಬಂದಿತ್ತು. ಆರ್ಡಿಸ್ ಒಂದು ವಾರ ಮೀನಮೇಷ ಎಣಿಸಿ, ಕೊನೆಗೆ ಸೊಸೆಯನ್ನು ಗ್ಯಾರೇಜಿಗೆ ಕರೆದರು.

"ಮೊದಲು ಮದ್ದಿನ ಡಬ್ಬ, ಕೇಪಿನ ಡಬ್ಬಿ ಎಲ್ಲಾ ಕಪಾಟಿಗೆ ಸೇರಿಸು. ಮೇಜಿನ ಮೇಲೆ ಏನೂ ಇರಕೂಡದು."

"ಕಸ ತೆಗೆಯೋಕೆ ವ್ಯಾಕ್ಯೂಮ್ ತರ್ಲಾ?"

"ತಾ ತಾ. ಹಂಗೇ ಫೈರ್ ಎಂಜಿನ್‌ಗೂ ಒಂದು ಫೋನ್ ಮಾಡಿಬಿಡು. ಚೆಲ್ಲಿರೋ ಮದ್ದಿಗೆ ಮೋಟಾರಿನ ಕಿಡಿ ತಾಗಿದ್ರೆ ನಾವಿಬ್ರೂ ಚಾವಣಿ ಮೇಲಿರ್ತೀವಿ."

ಕೆಂಡ್ರಾ ವ್ಯಾಕ್ಯೂಮಿನ ಮಾತು ಬಿಟ್ಟು ಡಬ್ಬಗಳನ್ನು ಕಪಾಟಿಗೆ ಸೇರಿಸಿದಳು.

"ಹಲ್ಲುಜ್ಜೋ ಹಳೇ ಬ್ರಷ್ಷಲ್ಲಿ ಮಸಿ ತೆಗಿ. ಒಣಬಟ್ಟೇಲಿ ಒರೆಸು. ಕಂಬಕ್ಕೆ ಒಂದು ತೊಟ್ಟು ಎಣ್ಣೆ. ಒಂದೇ ತೊಟ್ಟು, ಕೇಳ್ತಾ? ಆಮೇಲೆ ಆ ಎಣ್ಣೇನೂ ಒರೆಸು, ಬೆರಳು ಸವರಿದ್ರೆ ಅಂಟಬಾರದು. ಬೇರೆ ಎಲ್ಲೂ ಎಣ್ಣೆ ಬೇಡ." ಇಷ್ಟು ಹೇಳಿ ಅವರು ನೆರೆಮನೆಯವಳ ಕಾರು ಹತ್ತಿ ಡಾಕ್ಟರ ಹತ್ತಿರ ಹೋದರು. ಯಾಕೆ ಬೇಡ ಎಂದು ಹೇಳಲಿಲ್ಲ. ಆ ಊರಲ್ಲಿ ಅದನ್ನು ಹೇಳಬೇಕಾಗಿಯೂ ಇಲ್ಲ, ಮಕ್ಕಳಿಗೂ ಗೊತ್ತಿರುವ ಸಂಗತಿ.

ಕೆಂಡ್ರಾ ತಿಕ್ಕಿದಳು. ಕಂಬದ ಸಂದಿಯಿಂದ, ಹಿಡಿಯ ಕೀಲಿನಿಂದ, ಸುಟ್ಟ ಕೇಪುಗಳು ಬೀಳುವ ತಟ್ಟೆಯಿಂದ ಕರಿ ಕರಿ ಮಸಿ ಬಂತು. ಬಟ್ಟೆಗಳು ಕಪ್ಪಾದವು, ಉಗುರುಗಳು ಕಪ್ಪಾದವು. ಹೊಸ ಕೇಪು ಕೂರುವ ಪುಟ್ಟ ಬಟ್ಟಲನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆದಳು. ಕಂಬಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟಳು. ಹಿಂದೆ ಸರಿದು ನೋಡಿದರೆ ಪ್ರೆಸ್ಸು ಇನ್ನೂ ಮಂಕಾಗಿಯೇ ಇತ್ತು, ಹಿಡಿ ಎಳೆದರೆ ಕಿರ್ ಅನ್ನುತ್ತಿತ್ತು. ಒಂದು ತೊಟ್ಟಂತೆ! ಕೈ ಒರೆಸಿದ ಕಾಗದವನ್ನೂ ಒಣಗಿಸಿ ಮತ್ತೆ ಬಳಸುವ ಹೆಂಗಸು, ಎಣ್ಣೆಯಲ್ಲೂ ಜಿಪುಣತನ ಎಂದುಕೊಂಡಳು. ಪಕ್ಕದ ಶೆಲ್ಫಿನಲ್ಲಿ ವೇಡ್‌ನ ತುಕ್ಕು ಬಿಡಿಸುವ ಸ್ಪ್ರೇ ಇತ್ತು. ಟ್ರಕ್ಕಿನ ಹಠಮಾರಿ ಬೋಲ್ಟುಗಳಿಗೆ ಹೊಡೆಯುವಂಥದ್ದು, ಎಂಥ ಸಣ್ಣ ಸಂದಿಗೂ ನುಗ್ಗುವಂಥದ್ದು. ಅದನ್ನು ತಂದು ಕೀಲುಕೀಲಿಗೂ ಹೊಡೆದಳು. ಕಂಬಕ್ಕೆ ಹೊಡೆದಳು, ಕೇಪು ಕೂರುವ ಬಟ್ಟಲಿಗೂ ಧಾರಾಳವಾಗಿ ಹೊಡೆದಳು. ಹೊರಗೆಲ್ಲ ಒರೆಸಿದಳು. ಬಟ್ಟಲಿನೊಳಗೆ ಬೆರಳು ಹೋಗಲಿಲ್ಲ, ಬಿಟ್ಟಳು. ಪ್ರೆಸ್ಸು ಲಕಲಕ ಹೊಳೆಯಿತು. ಆ ಗ್ಯಾರೇಜು ಸದಾ ಆ ಸ್ಪ್ರೇಯದ್ದೇ ನಾತ ಹೊಡೆಯುತ್ತಿದ್ದರಿಂದ ವಾಸನೆಯಿಂದ ಯಾರಿಗೂ ಏನೂ ತಿಳಿಯುವಂತಿರಲಿಲ್ಲ.

ಆರ್ಡಿಸ್ ಬಂದು ಎಡಗೈಯಲ್ಲಿ ಹಿಡಿ ಎಳೆದು ನೋಡಿದರು. ಮತ್ತೊಮ್ಮೆ ಎಳೆದರು. ತಲೆ ಓರೆಮಾಡಿ ಸದ್ದು ಕೇಳಿದರು.

"ಪರವಾಗಿಲ್ವೇ! ಕೈಯಲ್ಲಿ ಕಸುಬು ಇದೆ ನಿನಗೆ" ಅಂದರು.

ಕೆಂಡ್ರಾ ಅದನ್ನು ಕೂಡಲೇ ವೇಡ್‌ಗೆ ಫೋನ್ ಮಾಡಿ ಹೇಳಿದಳು. "ನಮ್ಮಮ್ಮ ಪರವಾಗಿಲ್ಲ ಅಂದ್ಲಾ? ನಾನು ಹುಟ್ಟಿದಾಗ್ಲೂ ಅಂದಿರ್ಲಿಕ್ಕಿಲ್ಲ" ಅಂದ ಅವನು. ಅದೇ ಸಂಜೆ ಅತ್ತೆ ಎಡಗೈಯಲ್ಲಿ ಒಂದೊಂದೇ ಕೇಪು ಇಟ್ಟುಕೊಟ್ಟರು, ಅವರು ಹೇಳಿದ ಹಾಗೆ ಸೊಸೆ ಹಿಡಿ ಎಳೆದಳು. ರೈಫಲ್ಲಿನವು ಒಂದು ಡಬ್ಬಿ, ರಿವಾಲ್ವರಿನವು ಒಂದು ಡಬ್ಬಿ, ಈ ಸಲದ ಬೇಟೆಗೆ ಬೇಕಾದವೆಲ್ಲ ತುಂಬಿ ಮುಗಿದವು. ಕೆಂಡ್ರಾ ಆ ರಾತ್ರಿ ಖುಷಿಯಾಗಿ ಮಲಗಿದಳು.

ಮೂರು ವಾರ ಕಳೆದು ಬೆಟ್ಟದ ಮೇಲೆ ಮೊದಲ ಹಿಮ ಬಿದ್ದಾಗ ಇಬ್ಬರೂ ಎಲ್ಕ್ ಬೇಟೆಗೆ ಹೊರಟರು. ಕಡವೆಯಂಥ ಆ ದೊಡ್ಡ ಜಿಂಕೆ ಒಂದು ಸಿಕ್ಕರೆ ಚಳಿಗಾಲಕ್ಕೆಲ್ಲ ಮಾಂಸದ ಯೋಚನೆಯಿಲ್ಲ. ಕೆಂಡ್ರಾ ಕರಡಿಗೆ ಹೊಡೆಯುವ ಮೆಣಸಿನ ಸ್ಪ್ರೇ ಕೊಂಡು ತಂದಿದ್ದಳು. "ಅದು ಪ್ರವಾಸಿಗಳಿಗೆ. ನಿನ್ನ ಆಮ್ಲೆಟ್ ಮೇಲೆ ಹಾಕ್ಕೋ" ಎಂದು ಆರ್ಡಿಸ್ ಆಡಿಕೊಂಡದ್ದಕ್ಕೆ ನಾಚಿ ಅದನ್ನು ಟ್ರಕ್ಕಿನ ಸೀಟಿನ ಮೇಲೇ ಬಿಟ್ಟು ಬಂದಳು. ಮಾಂಸ ಹೊರಲು ತಂದ ಪರ್ಲ್ ಎಂಬ ಹೇಸರಗತ್ತೆಯನ್ನು ಕೆಳಗೆ ಹಳ್ಳದ ಹತ್ತಿರ ಕಟ್ಟಿ ಇಬ್ಬರೂ ಮೇಲೆ ಹತ್ತಿದರು. ಆರ್ಡಿಸ್ ಅವರ ಭುಜದಲ್ಲಿ ರೈಫಲ್, ಸೊಂಟದಲ್ಲಿ ಕರಡಿಗೆಂದು ರಿವಾಲ್ವರು.

ಮಧ್ಯಾಹ್ನದ ಹೊತ್ತಿಗೆ ಹುಲ್ಲು ಬಯಲಿನ ಅಂಚಿನಲ್ಲಿ ಹೆಣ್ಣು ಎಲ್ಕೊಂದು ಮೇಯುತ್ತಿರುವುದು ಕಂಡಿತು. ಆರ್ಡಿಸ್ ಬಿದ್ದ ಮರಕ್ಕೆ ರೈಫಲ್ ಒರಗಿಸಿ, ಉಸಿರು ಬಿಟ್ಟು, ಎಡಗೈ ಬೆರಳಿನಿಂದ ಕೋವಿಯ ಕುದುರೆ ಎಳೆದರು.

ಟಿಕ್.

ಅಷ್ಟೇ. ಎಲ್ಕ್ ತಲೆಯೆತ್ತಿ ಕಿವಿ ಆಡಿಸಿ ಮತ್ತೆ ಮೇಯತೊಡಗಿತು. ಆರ್ಡಿಸ್ ಅಲುಗಲಿಲ್ಲ. ತಡವಾಗಿ ಸಿಡಿಯುವ ತೋಟಾಗಳೂ ಇರುತ್ತವೆ, ಅದಕ್ಕೇ ಕೋವಿಯ ಮೂತಿಯನ್ನು ಅತ್ತಲೇ ಇಟ್ಟು ಸುಮಾರು ಹೊತ್ತು ಕಾದರು. ಆಮೇಲೆ ಮೆಲ್ಲಗೆ ರೈಫಲ್ಲಿನ ಬೋಲ್ಟಿನ ಹಿಡಿ ಎಳೆದು ತೋಟಾವನ್ನು ಹೊರಗೆ ತೆಗೆದು, ಇನ್ನೊಂದನ್ನು ಒಳಗೆ ತಳ್ಳಿದರು. ಈ ಸಲ ಬೆಟ್ಟವೆಲ್ಲ ಗುಡುಗಿತು. ಎಲ್ಕ್ ನಾಲ್ಕು ಹೆಜ್ಜೆ ಓಡಿ ಮುಗ್ಗರಿಸಿತು.

ಕೆಂಡ್ರಾ ಕುಣಿಯುವುದರಲ್ಲಿದ್ದಳು. ಅತ್ತೆಯ ಮುಖ ನೋಡಿ ನಿಂತಳು. ಆರ್ಡಿಸ್ ಬೇಟೆಯ ಕಡೆಗೆ ನೋಡುತ್ತಲೇ ಇರಲಿಲ್ಲ. ಸಿಡಿಯದ ತೋಟಾವನ್ನು ಕಣ್ಣಿಗೆ ಹತ್ತಿರ ಹಿಡಿದು ಅದರ ಬುಡವನ್ನು ನೋಡುತ್ತಿದ್ದರು.

"ಮೊಳೆ ಸರಿಯಾಗೇ ಬಡಿದಿದೆ. ಕೇಪು ಸತ್ತಿದೆ."

"ಸತ್ತಿದೆ ಅಂದ್ರೆ?"

"ಎಣ್ಣೆ ಮುಟ್ಟಿದೆ. ಕೇಪಿಗೆ ಎಣ್ಣೆ ಅಂದ್ರೆ ವಿಷ ಕಣೆ. ಒಳಗೆ ಇಳಿಯುತ್ತೆ, ಕೂತು ಕೂತು ಕೊಲ್ಲುತ್ತೆ. ನನ್ನ ಕೈಯಲ್ಲಿ ತುಂಬಿದ ಒಂದೂ ಇದುವರೆಗೆ ಹಿಂಗೆ ಮಾಡಿಲ್ಲ." ಅವರು ತಮ್ಮ ಪಟ್ಟಿ ಕಟ್ಟಿದ ಕೈಯನ್ನು ತಿರುಗಿಸಿ ನೋಡಿಕೊಂಡರು. "ಅವತ್ತು ಮಣಿಕಟ್ಟಿಗೆ ಮುಲಾಮು ಹಚ್ಕೊಂಡಿದ್ದೆ. ಹಚ್ಚಿದ ಕೈಯಲ್ಲೇ ಅದೊಂದು ಕೇಪು ಮುಟ್ಟಿರ್ತೀನಿ. ವಯಸ್ಸಾಯ್ತು ನನಗೆ. ಇನ್ನು ಸಾಕು, ಈ ಚಳಿಗಾಲ ಆ ಪ್ರೆಸ್ಸನ್ನ ಮಾರಿಬಿಡಬೇಕು."

ಕೆಂಡ್ರಾ ಅತ್ತೆಯ ಕೈಯಲ್ಲಿದ್ದ ತೋಟಾವನ್ನೇ ನೋಡಿದಳು. ಆ ಬಟ್ಟಲಿಗೆ ಧಾರಾಳವಾಗಿ ಹೊಡೆದದ್ದು, ಬೆರಳು ಹೋಗಲಿಲ್ಲವೆಂದು ಬಿಟ್ಟದ್ದು, ಎಲ್ಲ ಕಣ್ಣಮುಂದೆ ಬಂತು. ಒಂದಲ್ಲ, ಆ ಸಂಜೆ ತುಂಬಿದ ಪ್ರತಿಯೊಂದು ಕೇಪೂ ಆ ಬಟ್ಟಲಲ್ಲೇ ಕೂತು ಎದ್ದದ್ದು. ರೈಫಲ್ಲಿನವೂ, ರಿವಾಲ್ವರಿನವೂ. ಯಾವುದು ಸತ್ತಿದೆ, ಯಾವುದು ಬದುಕಿದೆ, ದೇವರಿಗೇ ಗೊತ್ತು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ಮನೆಗೆ ಹೋಗಿ ಹೇಳಿದರಾಯಿತು ಎಂದೂ ಅಂದುಕೊಂಡಳು. ಆ "ಪರವಾಗಿಲ್ವೇ" ಇನ್ನೂ ಕಿವಿಯಲ್ಲಿತ್ತು, ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಎಂಥ ಹುಚ್ಚು ಹೆಂಗಸು ನೋಡಿ!

ಎಲ್ಕಿನ ಹತ್ತಿರ ಹೋದರು. ಆರ್ಡಿಸ್ ಬಯಲಿನ ಮೇಲಿನ ಕಾಡನ್ನು ಒಮ್ಮೆ ದಿಟ್ಟಿಸಿದರು. ಆ ಕಣಿವೆಯ ಗ್ರಿಜ್ಲಿ ಕರಡಿಗಳು ಗುಂಡಿನ ಸದ್ದಿಗೆ ಓಡಿಹೋಗುವುದಿಲ್ಲ, ಹತ್ತಿರ ಬರುತ್ತವೆ. ಸದ್ದಾದಲ್ಲಿ ಕರುಳು ಬಿದ್ದಿರುತ್ತದೆ ಎಂಬುದನ್ನು ಅವು ಕಲಿತುಬಿಟ್ಟಿವೆ.

"ಬೇಗ ಆಗ್ಬೇಕು. ಹೊಟ್ಟೆ ಸೀಳೋಕೆ ನನ್ನ ಕೈ ಆಗಲ್ಲ, ಪರ್ಲ್ ನಿನ್ನ ಮಾತು ಕೇಳಲ್ಲ. ನೀನು ಇಲ್ಲಿ ಶುರುಮಾಡು, ನಾನು ಅವಳನ್ನ ಹಿಡ್ಕೊಂಡು ಬರ್ತೀನಿ." ಆರ್ಡಿಸ್ ತಮ್ಮ ಸೊಂಟದ ಬೆಲ್ಟು ಬಿಚ್ಚಿ, ರಿವಾಲ್ವರಿನ ಸಮೇತ ಸೊಸೆಯ ಸೊಂಟಕ್ಕೆ ಕಟ್ಟಿದರು. ಒಂದೇ ಕೈಯಲ್ಲಿ ಬಕ್ಕಲ್ಲು ಹಾಕಲು ಕಷ್ಟವಾಗಿ ಹಲ್ಲಿನಲ್ಲಿ ಕಚ್ಚಿ ಎಳೆದರು. "ಏನಾದ್ರೂ ಬಂದ್ರೆ ಓಡಬೇಡ. ಮೆತ್ತಗೆ ಮಾತಾಡ್ತಾ ಹಿಂದಕ್ಕೆ ಬಾ, ದನಿ ಏರಿಸ್ಬೇಡ, ಇಳಿಸ್ಬೇಡ. ಮೈಮೇಲೇ ಬಂದ್ರೆ ಇದು ಇದೆ."

"ಆರ್ಡಿಸ್..."

"ಏನು?"

"ಹುಷಾರಾಗಿ ಹೋಗಿ" ಅಂದಳು.

"ನಾನು ನಿನ್ನಜ್ಜಿ ಅಲ್ಲ ಬಿಡೆ" ಎನ್ನುತ್ತ ಅವರು ರೈಫಲ್ ಹೆಗಲಿಗೇರಿಸಿ ಇಳಿದು ಹೋದರು. ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ಪೊದೆಗಳ ಹಿಂದೆ ಮರೆಯಾಯಿತು.

ಆಗ ಹೆದರಿಕೆ ಬಂತು ನೋಡಿ, ಮೈಯೆಲ್ಲ ಹೆದರಿಕೆ. ಕೆಂಡ್ರಾ ಚಾಕು ಹಿಡಿದು ಮಂಡಿಯೂರಿದಳು, ಚರ್ಮ ಸೀಳಿದಳು, ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಪ್ರತಿ ಸಲ ಚಾಕು ಎಳೆದಾಗಲೂ ತಲೆಯೆತ್ತಿ ಕಾಡು ನೋಡಿದಳು. ಗಾಳಿಗೆ ರೆಂಬೆ ಅಲುಗಿದರೂ ಚಾಕು ನಿಲ್ಲಿಸುತ್ತಿದ್ದಳು. ಅತ್ತೆ ಹೋದ ದಾರಿಯೂ ಪೊದೆಗಳ ನಡುವಿನದು. ಅವರ ಕೈಯಲ್ಲಿರುವ ರೈಫಲ್ಲಿನ ತೋಟಾಗಳೂ ಅವೇ. ಅಲ್ಲೇ ಏನಾದರೂ ಎದುರಾದರೆ? ಎದ್ದು ಅವರ ಹಿಂದೆ ಓಡಿಹೋಗಿ ಹೇಳಿಬಿಡಲೇ ಎಂದು ಅರ್ಧ ಎದ್ದಳು. ಈ ರಕ್ತದ ಕೈಯಲ್ಲಿ, ಒಬ್ಬಳೇ, ಆ ಪೊದೆಗಳಲ್ಲಿ! ಮತ್ತೆ ಕೂತಳು. ಅತ್ತೆ ಬೈದರೆ ಬೈಯಲಿ, ಮನೆಯಿಂದ ಆಚೆ ಹಾಕಿದರೆ ಹಾಕಲಿ, ಬಂದ ಕೂಡಲೇ ಹೇಳಿಬಿಡುತ್ತೇನೆ ಎಂದು ಆಣೆ ಮಾಡಿಕೊಂಡಳು. ಕೆಳಗೆ ಹಳ್ಳದ ಕಡೆಯಿಂದ ಪರ್ಲ್ ಅರಚುವುದು ಕೇಳಿಸಿತು. ಒಂದೇ ಸಮನೆ ಅರಚುತ್ತಿತ್ತು. ಯಾಕೆ ಹಾಗೆ ಅರಚುತ್ತಿದೆ ಎಂದು ತಲೆ ತಿರುಗಿಸಿ ಕೇಳಿದಳು. ಮತ್ತೆ ಈಚೆಗೆ ತಿರುಗಿದಾಗ ಕರಡಿ ಬಯಲಿಗೆ ಬಂದಿತ್ತು.

ಓಡಿ ಬಂದದ್ದಲ್ಲ. ತನ್ನದೇ ಜಾಗಕ್ಕೆ ಬಂದ ಹಾಗೆ ನಡೆದು ಬಂದಿತ್ತು. ಕಂದು ಮೈ, ಹೆಗಲ ಮೇಲೆ ಗೂನು. ಮೂಗು ಮೇಲೆತ್ತಿ ಗಾಳಿಯನ್ನು ಎಳೆದುಕೊಳ್ಳುವ ಸದ್ದು ಇಲ್ಲಿಗೆ ಕೇಳುತ್ತಿತ್ತು.

ಕೆಂಡ್ರಾ ಎದ್ದು ನಿಂತಳು. ಒಂದು ಹೆಜ್ಜೆ ಹಿಂದೆ ಇಟ್ಟಳು. ಮಾತಾಡಬೇಕಿತ್ತು, ಗಂಟಲಿನಿಂದ ಸೀಟಿಯಂಥದ್ದೇನೋ ಬಂತು, ಮಾತಲ್ಲ. ಕರಡಿಗೆ ಅದು ಹಿಡಿಸಲಿಲ್ಲವೋ ಏನೋ, ಕಿವಿಗಳನ್ನು ಹಿಂದಕ್ಕೆ ಮಡಚಿ, ಹೂಂಕರಿಸಿ, ನೇರವಾಗಿ ಇವಳತ್ತ ನುಗ್ಗಿತು. ಎಷ್ಟು ಜೋರು! ಅಷ್ಟು ದೊಡ್ಡ ಮೈ ಅಷ್ಟು ಜೋರಾಗಿ ಓಡುತ್ತದೆಂದು ಅವಳಿಗೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ. ರಿವಾಲ್ವರು ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಎರಡು ಕೈಯಲ್ಲೂ ಹಿಡಿದು ಕುದುರೆ ಎಳೆದಳು.

ಟಿಕ್.

ಮತ್ತೆ ಎಳೆದಳು. ಟಿಕ್.

ಕರಡಿ ಎಲ್ಕಿನ ಆಚೆ ಬದಿಯಲ್ಲಿ, ಹಿಮ ಚಿಮ್ಮಿಸಿ, ಗಕ್ಕನೆ ನಿಂತಿತು. ಬರೀ ಬೆದರಿಸಲು ಬಂದದ್ದು. ಅದರ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ದವಡೆ ಕಟಕಟ ಎನ್ನುತ್ತಿತ್ತು. ಅದಕ್ಕೂ ಇವಳಿಗೂ ನಡುವೆ ಸತ್ತ ಎಲ್ಕೊಂದೇ.

ಹಿಂದುಗಡೆ, ಕೆಳಗಿನಿಂದ, ಏದುಸಿರು ಬಿಡುತ್ತ ಯಾರೋ ಹತ್ತಿ ಬಂದು ನಿಂತದ್ದು ಕೇಳಿಸಿತು. ಹೇಸರಗತ್ತೆ ಹತ್ತಲೊಲ್ಲದೆ ಅರಚಿದಾಗಲೇ ಆರ್ಡಿಸ್‌ಗೆ ಮೇಲೆ ಕರಡಿ ಬಂದಿದೆಯೆಂದು ಗೊತ್ತಾಗಿ, ಅದನ್ನು ಅಲ್ಲೇ ಬಿಟ್ಟು ಓಡಿ ಬಂದಿದ್ದರು. ರೈಫಲ್ಲಿನ ಬೋಲ್ಟು ಸರಿದ ಸದ್ದಾಯಿತು. ಕೆಂಡ್ರಾ ತಿರುಗಿ ನೋಡಲಿಲ್ಲ. ನೋಡದೆಯೇ ಗೊತ್ತಿತ್ತು, ಅತ್ತೆ ಕೋವಿ ಎತ್ತಿದ್ದಾರೆ, ಗುರಿ ಹಿಡಿಯಲು ಮರದ ಬದಿಯಿಂದ ಈಚೆಗೆ ಬರುತ್ತಿದ್ದಾರೆ. ಕೋವಿ ಟಿಕ್ ಅಂದರೆ, ಕರಡಿ ಅತ್ತ ತಿರುಗಿದರೆ, ಒಂದು ಕೈಯ ಮುದುಕಿ ಏನು ಮಾಡಬೇಕು?

ಆಗ ಅವಳಿಗೆ ಮಾತು ಬಂತು. ದನಿ ಏರಿಸಬಾರದು, ಇಳಿಸಬಾರದು. ಕರಡಿಯ ಮುಖವನ್ನೇ ನೋಡದೆ, ಅದರ ಕಾಲ ಹತ್ತಿರದ ಹಿಮವನ್ನು ನೋಡುತ್ತ, ಮಗುವನ್ನು ಮಲಗಿಸುವ ದನಿಯಲ್ಲಿ ಹೇಳತೊಡಗಿದಳು.

"ಆರ್ಡಿಸ್, ಹೊಡೀಬೇಡಿ. ಅದು ಸಿಡಿಯಲ್ಲ. ಇದೂ ಸಿಡೀಲಿಲ್ಲ, ಎರಡು ಸಲ ಎಳೆದೆ. ನಿಮ್ಮ ಮುಲಾಮಲ್ಲ, ನಾನು. ನಾನು ಹಾಳುಮಾಡಿದ್ದು. ವೇಡ್‌ನ ತುಕ್ಕಿನ ಸ್ಪ್ರೇ ಇತ್ತಲ್ಲ, ಅದನ್ನ ಪ್ರೆಸ್ಸಿಗೆಲ್ಲ ಹೊಡೆದೆ. ಕೇಪು ಕೂರೋ ಬಟ್ಟಲಿಗೂ ಹೊಡೆದೆ. ಹೊಳೀಲಿ ಅಂತ ಹೊಡೆದೆ. ಒರೆಸಲಿಲ್ಲ. ಅವತ್ತು ತುಂಬಿದ್ದೆಲ್ಲ ಹಾಳಾಗಿರುತ್ತೆ ಆರ್ಡಿಸ್. ಆಗ ಆ ರೈಫಲ್ ಟಿಕ್ ಅಂದಾಗ್ಲೇ ನನಗೆ ಗೊತ್ತಾಯ್ತು. ಹೇಳೋಕೆ ಹೆದರ್ಕೊಂಡೆ. ನೀವು ಪರವಾಗಿಲ್ಲ ಅಂದಿದ್ರಲ್ಲ, ಅದಕ್ಕೇ ಹೇಳ್ಲಿಲ್ಲ."

ಕರಡಿ ತಲೆ ತಗ್ಗಿಸಿ ಎಲ್ಕಿನ ಹೊಟ್ಟೆಯ ಕಡೆ ಮೂಗು ಚಾಚಿತು, ಮತ್ತೆ ಇವಳನ್ನು ನೋಡಿತು.

"ಸರಿ" ಎಂಬ ದನಿ ಬಂತು. ಅದೂ ಅಷ್ಟೇ ಮೆತ್ತಗೆ, ಜೋಗುಳ ಹಾಡುವ ಹಾಗೆ. "ಕೋವಿ ಇಳಿಸಿದೀನಿ. ಈಗ ಒಂದು ಹೆಜ್ಜೆ ಹಿಂದೆ ಬಾ. ಬೆನ್ನು ತಿರುಗಿಸ್ಬೇಡ. ಮಾತು ನಿಲ್ಲಿಸ್ಬೇಡ ಪೆದ್ದಿ, ಅದು ಕೇಳಿಸ್ಕೊಳ್ತಾ ಇದೆ."

"ಏನು ಮಾತಾಡ್ಲಿ?"

"ಅದನ್ನೇ. ಬಟ್ಟಲಿಗೆ ಎಷ್ಟು ಹೊಡೆದೆ?"

"ತುಂಬೋ ಹಾಗೆ ಹೊಡೆದೆ."

"ತುಂಬೋ ಹಾಗೆ. ಭೇಷ್. ಇನ್ನೊಂದು ಹೆಜ್ಜೆ. ಒಂದು ತೊಟ್ಟು ಅಂದಿದ್ನಲ್ಲೇ ಕತ್ತೆ."

"ನೀವು ಜಿಪುಣರು ಅಂದ್ಕೊಂಡೆ."

"ಜಿಪುಣಿ! ಹೂಂ, ಎಡಕ್ಕೆ ಕಲ್ಲಿದೆ, ನೋಡ್ಕೊಂಡು. ಹೇಸರಗತ್ತೆ ಹತ್ರ ಹೋಗೋತನಕ ಏನೂ ಅನ್ನಲ್ಲ ನಾನು. ಅಲ್ಲಿ ಹೋದ್ಮೇಲೆ ಈ ಬೆಟ್ಟಕ್ಕೆಲ್ಲ ಕೇಳೋ ಹಾಗೆ ಬೈತೀನಿ. ಇನ್ನೊಂದು ಹೆಜ್ಜೆ, ಮಗಳೇ."

ಒಂದು ಸಲ ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು. ಕೆಂಡ್ರಾಗೆ ಕಣ್ಣು ಕತ್ತಲೆ ಬಂತು, ಉಚ್ಚೆ ಹೊಯ್ದುಕೊಂಡಳು, ಬೆಚ್ಚಗೆ ತೊಡೆಯ ಮೇಲೆ ಇಳಿದದ್ದು ಗೊತ್ತಾಯಿತು. ಆದರೂ ಬಾಯಿ ನಿಲ್ಲಿಸಲಿಲ್ಲ. ಮೊದಲು ಹಲ್ಲುಜ್ಜುವ ಬ್ರಷ್ಷು, ಆಮೇಲೆ ಒಣಬಟ್ಟೆ, ಆಮೇಲೆ ಹಲ್ಲುಕಡ್ಡಿ ಎಂದು ಪ್ರೆಸ್ಸು ಒರೆಸಿದ ಕಥೆಯನ್ನು ಮೊದಲಿಂದ ಹೇಳಿದಳು. ಎಲ್ಲಿ ತಪ್ಪಿದಳೋ ಅಲ್ಲೆಲ್ಲ ಹಿಂದಿನಿಂದ ಜೋಗುಳದ ದನಿಯಲ್ಲಿ ಬೈಗುಳ ಬರುತ್ತಿತ್ತು. ಕರಡಿ ಮತ್ತೆ ನಾಲ್ಕು ಕಾಲಿಗೆ ಇಳಿಯಿತು. ಎಲ್ಕಿನ ಮೇಲೆ ಮುಂಗಾಲಿಟ್ಟು, ಇದು ನನ್ನದು ಎಂಬಂತೆ ಹಿಮ, ಹುಲ್ಲು, ಮಣ್ಣನ್ನು ಅದರ ಮೇಲೆ ಕೆರೆದು ಹಾಕತೊಡಗಿತು. ಆರ್ಡಿಸ್ ಅವರ ಎಡಗೈ ಬಂದು ಕೆಂಡ್ರಾಳ ಬೆಲ್ಟನ್ನು ಹಿಂದಿನಿಂದ ಹಿಡಿಯಿತು. ಆಮೇಲೆ ಇಬ್ಬರೂ ಒಂದಾಗಿ ಹಿಂದಕ್ಕೆ ನಡೆದರು. ಬಯಲು ಮರೆಯಾಯಿತು. ಪೊದೆಗಳು ಮುಗಿದವು. ಹಳ್ಳದ ನೀರು ಕೇಳಿಸಿತು.

ಪರ್ಲ್ ಹಗ್ಗ ಬಿಗಿದು ಮರವನ್ನು ಸುತ್ತಿ ನಿಂತಿತ್ತು. ಅಲ್ಲಿಂದ ಮೇಲೆ ನೋಡಿದರೆ ಇಳಿದ ದಾರಿಯಲ್ಲಿ ಏನೂ ಅಲುಗುತ್ತಿರಲಿಲ್ಲ. ಕೆಂಡ್ರಾ ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು. ಇನ್ನು ಎಷ್ಟು ಬೇಕಾದರೂ ಬೈಯಲಿ, ಬೈಸಿಕೊಳ್ಳುವುದಕ್ಕೆ ಜೀವವಾದರೂ ಇದೆಯಲ್ಲ.

ಆರ್ಡಿಸ್ ಬೈಯಲಿಲ್ಲ. ಭುಜದಿಂದ ರೈಫಲ್ ಇಳಿಸಿದರು. ಅದರಲ್ಲಿದ್ದ ತೋಟಾ ಮೇಲೆ ಕರಡಿಗೆಂದು ಒಳಗೆ ತಳ್ಳಿದ್ದೇ. ಹಳ್ಳದ ಆಚೆಯ ಮಣ್ಣಿನ ದಿಬ್ಬಕ್ಕೆ ಮೂತಿ ಹಿಡಿದು ಕುದುರೆ ಎಳೆದರು.

ಟಿಕ್.

ಮೂತಿಯನ್ನು ಅತ್ತಲೇ ಇಟ್ಟು ಕಾದರು. ನೀರು ಹರಿಯುತ್ತಿತ್ತು. ಇನ್ನೂ ಕಾದರು. ಏನೂ ಆಗಲಿಲ್ಲ. ಬೋಲ್ಟು ಎಳೆಯಲು ಹೋದರೆ ಅವರ ಎಡಗೈಗೆ ಹಿಡಿ ಸಿಗಲಿಲ್ಲ. ಎರಡು ಸಲ ತಪ್ಪಿತು. ಕೆಂಡ್ರಾ ಮುಂದೆ ಬಂದು ರೈಫಲ್ ತೆಗೆದುಕೊಂಡು, ತೋಟಾ ಹೊರಗೆ ಹಾಕಿ, ಮರಕ್ಕೆ ಒರಗಿಸಿದಳು.

"ಆರ್ಡಿಸ್, ನನ್ನ ತಪ್ಪು. ಏನು ಬೈಬೇಕೋ ಬೈದುಬಿಡಿ."

ಅವರು ಹಾಗೇ ಹಿಮದ ಮೇಲೆ ಕೂತುಬಿಟ್ಟರು. ಕೆಂಡ್ರಾ ಗಾಬರಿಯಾಗಿ ಎದುರಿಗೆ ಮಂಡಿಯೂರಿದಳು. ಆರ್ಡಿಸ್ ಪಟ್ಟಿ ಕಟ್ಟಿದ ಆ ನೋಯುವ ಕೈಯಲ್ಲೇ ಸೊಸೆಯ ಸೊಂಟದ ಬೆಲ್ಟನ್ನು ಹಿಡಿದುಕೊಂಡರು, ಸತ್ತ ರಿವಾಲ್ವರು ತೂಗುತ್ತಿದ್ದ ಆ ಬೆಲ್ಟನ್ನು. ಬಕ್ಕಲ್ಲಿನ ಮೇಲೆ ಹಣೆಯಿಟ್ಟು ಅಳತೊಡಗಿದರು. ಅವರು ಅತ್ತದ್ದನ್ನು ವೇಡ್ ಕೂಡ ನೋಡಿರಲಿಲ್ಲ.

"ನನ್ನ ಕೈಯಾರೆ ಕಟ್ಟಿದ್ನಲ್ಲೇ ಇದನ್ನ. ಇದಿದೆ ಅಂತ ಧೈರ್ಯ ಹೇಳಿ ನಿನ್ನನ್ನ ಅಲ್ಲಿ ಬಿಟ್ಟು ಬಂದ್ನಲ್ಲೇ. ವೇಡ್‌ಗೆ ಏನಂತ ಫೋನ್ ಮಾಡ್ತಿದ್ದೆ ನಾನು? ಏನಂತ ಹೇಳ್ತಿದ್ದೆ?"